ಗಟ್ಟು ಯಾರ ಮಗ?

ಶಿವಮೊಗ್ಗದಲ್ಲಿ ತಾಳಗುಪ್ಪದ ರೈಲು ಹತ್ತಿದವರು ಅರಸಾಳು ಬಂತೆಂದರೆ ಕಿಟಕಿಯತ್ತ ಕತ್ತು ಹೊರಳಿಸುತ್ತಾರೆ. ‘ನೋಡೋ, ಇದೇ ಮಾಲ್ಗುಡಿ’ ಅಂತ ಮಕ್ಕಳಿಗೆ ತೋರಿಸುತ್ತಾರೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಈ ನಿಲ್ದಾಣವನ್ನು ಬಳಸಿಕೊಂಡದ್ದು 1980ರ ದಶಕದಲ್ಲಿ. ರೈಲ್ವೆಯವರು ಹಳೇ ಕಟ್ಟಡವನ್ನು ದುರಸ್ತಿ ಮಾಡಿಸಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಒಳ್ಳೇ ಕೆಲಸವೇ.

ಶಂಕರ್ ನಾಗ್ ಹೆಸರನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಯಾವ ಆಟೋ ಸ್ಟ್ಯಾಂಡಿನಲ್ಲಿ ಬೇಕಾದರೂ ಕೇಳಿ ನೋಡಿ. ಕಥೆ ಬರೆದ ಆರ್.ಕೆ. ನಾರಾಯಣ್ ಶಾಲೆಯ ಪುಸ್ತಕದಲ್ಲೇ ಸಿಗುತ್ತಾರೆ. ಆದರೆ ಧಾರಾವಾಹಿ ಶುರುವಾಗುವಾಗ ಪರದೆಯ ಮೇಲೆ ಬರುತ್ತಿದ್ದ ಆ ಗೆರೆಚಿತ್ರಗಳು ಯಾರ ಕೈಯವು? ಟಿ.ವಿ. ಇದ್ದ ಒಂದು ಮನೆಗೆ ಇಡೀ ಬೀದಿಯೇ ಬಂದು ಕೂರುತ್ತಿದ್ದ ಕಾಲ ಅದು. ಕಥೆ ಶುರುವಾಗುವ ಮೊದಲೇ ಊರು ಕಣ್ಣಿಗೆ ಕಟ್ಟುತ್ತಿದ್ದದ್ದು ಆ ಗೆರೆಗಳಿಂದ. ಬರೆದವರು ಯಾರು ಅಂತ ಕೇಳಿದರೆ ತಲೆ ಕೆರೆದುಕೊಳ್ಳುವವರೇ ಹೆಚ್ಚು.

ಬರೆದವರು ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್. ಪತ್ರಿಕೆಯಲ್ಲಿ ಪಂಚೆ, ಚೌಕುಳಿ ಕೋಟು ತೊಟ್ಟು ಬಾಯಿ ಬಿಡದೆ ನಿಂತಿರುತ್ತಿದ್ದನಲ್ಲ ಆ ‘ಶ್ರೀಸಾಮಾನ್ಯ’, ಅವನ ಅಪ್ಪ. ಇಷ್ಟು ಕೆಲವರಿಗೆ ಗೊತ್ತು. ಬಣ್ಣದ ಡಬ್ಬಿಯ ಮೇಲೆ ಕುಂಚ ಹಿಡಿದು ಕಣ್ಣು ಮಿಟುಕಿಸುವಂತೆ ನಿಂತಿದ್ದ ಪೋರ ಗಟ್ಟು ಕೂಡ ಇವರದೇ ಮಗ ಅಂದರೆ, ಮೂವತ್ತು ವರ್ಷ ಬಣ್ಣ ಮಾರಿದ ಅಂಗಡಿಯವರೂ ‘ಹೌದಾ ಸ್ವಾಮಿ?’ ಅಂತಾರೆ.

ಈಗ ಇಂಥ ಕೆಲಸಕ್ಕೆ ಕ್ರಿಯೇಟಿವ್ ಡೈರೆಕ್ಟರ್ ಅಂತ ದೊಡ್ಡ ಹೆಸರಿದೆ. ಕಂಪೆನಿಗೆ ಒಂದು ಮುಖ ಕೊಡುವುದು, ಮನೆಮಂದಿಯೆಲ್ಲ ಕೂತು ನೋಡುವ ಆಟಕ್ಕೆ ಒಂದು ಲೋಕ ಕಟ್ಟಿಕೊಡುವುದು. ಆ ಹುದ್ದೆಯ ಹೆಸರಿಲ್ಲದೆಯೇ ಲಕ್ಷ್ಮಣ್ ಎರಡನ್ನೂ ಮಾಡಿದರು. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರೆ, ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿ ಇಲ್ಲ ಅಂತ ಉತ್ತರ ಬಂತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದಿದರು. ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ ಅವರ ‘ಕೊರವಂಜಿ’ಗೂ ಬರೆದರು. ಆಮೇಲೆ ಬೊಂಬಾಯಿಯ ‘ಫ್ರೀ ಪ್ರೆಸ್ ಜರ್ನಲ್’, ಅಲ್ಲಿಂದ ‘ಟೈಮ್ಸ್ ಆಫ್ ಇಂಡಿಯಾ’. ನಡುವೆ 1955ರ ‘ಮಿಸ್ಟರ್ ಅಂಡ್ ಮಿಸೆಸ್ 55’ ಚಿತ್ರದಲ್ಲಿ ಗುರುದತ್ ವ್ಯಂಗ್ಯಚಿತ್ರಕಾರನ ಪಾತ್ರ ಮಾಡಿದಾಗ ತೆರೆಯ ಮೇಲೆ ಗೆರೆ ಎಳೆದ ಕೈ ಇವರದು. 1988ರಲ್ಲಿ ದೂರದರ್ಶನದಲ್ಲಿ ಬಂದ ‘ವಾಗ್ಲೆ ಕಿ ದುನಿಯಾ’ ಕೂಡ ಇವರು ಕಲ್ಪಿಸಿದ ಪಾತ್ರಗಳದೇ. ಬೇಡ ಅಂದ ಕಲಾಶಾಲೆಗೆ ಆದ ನಷ್ಟ ಎಷ್ಟು ಅಂತ ಅವರೇ ಲೆಕ್ಕ ಹಾಕಿಕೊಳ್ಳಲಿ.

ಅಂಗಡಿಯವರು ಗಮನಿಸಬೇಕಾದದ್ದು ಗಟ್ಟುವಿನ ವಿಚಾರ. ಏಷ್ಯನ್ ಪೇಂಟ್ಸ್ 1942ರಲ್ಲಿ ಬೊಂಬಾಯಿಯಲ್ಲಿ ನಾಲ್ವರು ಸ್ನೇಹಿತರು ಶುರು ಮಾಡಿದ ಕಂಪೆನಿ. ಪಟ್ಟಣದ ಸಗಟು ವ್ಯಾಪಾರವೆಲ್ಲ ಆಗ ವಿದೇಶಿ ಕಂಪೆನಿಗಳ ಕೈಯಲ್ಲಿತ್ತು. ಇವರು ಸಣ್ಣ ಡಬ್ಬಿ ಹಿಡಿದು ಸಣ್ಣ ಊರಿನ ಸಣ್ಣ ಅಂಗಡಿಗೆ ಹೋದರು. ಅಲ್ಲಿ ಒಂದು ತೊಡಕಿತ್ತು. ಬಣ್ಣ ಡಬ್ಬಿಯೊಳಗಿನ ಮಾಲು. ಮುಚ್ಚಳ ತೆಗೆದು, ಮೂಸಿ, ಉಜ್ಜಿ ನೋಡಿ ಕೊಳ್ಳುವುದಕ್ಕೆ ಅದೇನು ಕಾಫಿಪುಡಿಯೇ? ಗಿರಾಕಿ ನಂಬಬೇಕಾದದ್ದು ಡಬ್ಬಿಯ ಹೊರಮೈಯನ್ನು. ಅದರ ಮೇಲಿನ ಹೆಸರೋ ಇಂಗ್ಲಿಷು. ಗಿರಾಕಿಗೆ ಓದಲು ಬರದು. ಬಂದರೂ ತಮಿಳೋ ಕನ್ನಡವೋ ಗುಜರಾತಿಯೋ.

1954ರಲ್ಲಿ ಲಕ್ಷ್ಮಣ್ ಬರೆದುಕೊಟ್ಟದ್ದು ಒಬ್ಬ ತುಂಟ ಹುಡುಗನನ್ನು. ಹಣೆ ಮೇಲೆ ಇಳಿಬಿದ್ದ ಕೂದಲು, ಕೈಯಲ್ಲಿ ಕುಂಚ, ಬಣ್ಣ ತೊಟ್ಟಿಕ್ಕುವ ಡಬ್ಬಿ. ಇವನಿಗೆ ಯಾವ ಭಾಷೆಯೂ ಬೇಡ. ‘ಆ ಹುಡುಗನ ಚಿತ್ರ ಇರೋ ಡಬ್ಬಿ ಕೊಡಿ’ ಅಂದರೆ ವ್ಯಾಪಾರ ಮುಗಿಯಿತು. ಚಿತ್ರ ಚೆಂದ ಇತ್ತು ಅಂತ ಗೆದ್ದದ್ದಲ್ಲ, ಗಿರಾಕಿ ಅದನ್ನು ಬಾಯಲ್ಲಿ ಹೇಳಿ ಕೇಳಬಹುದಾಗಿತ್ತು ಅಂತ ಗೆದ್ದದ್ದು. ಮನೆಗೆ ಬಣ್ಣ ಬಳಿಯುವುದು ಹಬ್ಬದ ಕೆಲಸ, ಮಕ್ಕಳೆಲ್ಲ ಕೈ ಕಾಲಿಗೆ ಮೆತ್ತಿಕೊಳ್ಳುವ ಕೆಲಸ. ಆ ಗಲಾಟೆ ಪೂರ್ತಿ ಒಬ್ಬ ಪೋರನ ಮುಖದಲ್ಲಿ ಬಂದುಬಿಟ್ಟಿತು. ಅವನಿಗೆ ಹೆಸರಿಡಲು ಕಂಪೆನಿ ಸ್ಪರ್ಧೆ ಇಟ್ಟು 500 ರೂಪಾಯಿ ಬಹುಮಾನ ಸಾರಿತು. ಸಾವಿರಾರು ಕಾಗದ ಬಂದವು. ಆ ಕಾಲಕ್ಕೆ 500 ರೂಪಾಯಿ ಅಂದರೆ ಹುಡುಗಾಟವಲ್ಲ.

ಹೀಗೆ ಸುಮಾರು ಅರ್ಧ ಶತಮಾನ ದುಡಿದ ಗಟ್ಟುವನ್ನು ಕಂಪೆನಿ 2002ರಲ್ಲಿ ಕೈಬಿಟ್ಟಿತು. ಕಂಪೆನಿ ದೊಡ್ಡದಾಗಿತ್ತು, ಹೊಸ ಗಿರಾಕಿಗೆ ಹೊಸ ವೇಷ ಬೇಕು ಅನ್ನಿಸಿತು. ಅದು ಅವರ ಇಷ್ಟ. ಆದರೆ 1966ರಲ್ಲಿ ಹುಟ್ಟಿದ ಅಮುಲ್ ಬೆಣ್ಣೆಯ ಹುಡುಗಿ ಚುಕ್ಕಿ ಲಂಗದಲ್ಲೇ ಇವತ್ತಿಗೂ ನಿಂತಿದ್ದಾಳೆ. ಆಕೆಯನ್ನು ರೂಪಿಸಿದ ಜಾಹೀರಾತಿನ ಸಿಲ್ವೆಸ್ಟರ್ ಡಾಕುನ್ಹಾ 2023ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಹೆಸರು ಬರೆದವು. ಚಿತ್ರ ಬರೆದ ಕಲಾವಿದ ಯೂಸ್ಟೇಸ್ ಫರ್ನಾಂಡಿಸ್ ಹೆಸರನ್ನು ಎಷ್ಟು ಮಂದಿ ಕೇಳಿದ್ದಾರೆ? ಬೆಣ್ಣೆ ತಿನ್ನದವರೂ ಆ ಹುಡುಗಿಯನ್ನು ಬಲ್ಲರು. ಬರೆದವನನ್ನು ಬೆಣ್ಣೆ ತಿಂದವರೂ ಅರಿಯರು.

ಇಷ್ಟೆಲ್ಲ ದೂರದ ಮಾತು ಯಾಕೆ ಅಂದರೆ, ಗಾಂಧಿ ಬಜಾರಿನಲ್ಲಿ, ದುರ್ಗಿಗುಡಿಯಲ್ಲಿ ಒಮ್ಮೆ ತಲೆ ಎತ್ತಿ ನೋಡಿ. ಹಿಂದೆ ತಗಡಿನ ಬೋರ್ಡು, ಕೈಬರಹ. ಬಲಮೂಲೆಯಲ್ಲಿ ಸಣ್ಣಕ್ಷರದಲ್ಲಿ ಇಂಥ ‘ಆರ್ಟ್ಸ್’ ಅಂತ ಬರೆದವನ ಗುರುತು. ಊರಿಗೊಬ್ಬರೋ ಇಬ್ಬರೋ ಇಂಥವರು ಇದ್ದೇ ಇದ್ದರು. ಅಕ್ಷರ ನೋಡಿಯೇ ‘ಇದು ಅವರ ಕೈ’ ಅಂತ ಹೇಳಬಹುದಿತ್ತು. ಈಗ ಫ್ಲೆಕ್ಸು. ಮೊಬೈಲಿನಲ್ಲಿ ಪುಕ್ಕಟೆ ಸಿಕ್ಕ ಚಿತ್ರ, ಪುಕ್ಕಟೆ ಸಿಕ್ಕ ಅಕ್ಷರ. ಬಟ್ಟೆ ಅಂಗಡಿಗೂ ಬೇಕರಿಗೂ ಅದೇ ಬಳ್ಳಿ, ಅದೇ ಹೊಳಪು. ಗಿರಾಕಿ ಯಾವ ಅಂಗಡಿ ಅಂತ ಬಾಯಲ್ಲಿ ಹೇಳಬೇಕು? ‘ಬಸ್ ಸ್ಟ್ಯಾಂಡ್ ಎದುರಿಗೆ, ಹಳದಿ ಬೋರ್ಡು’ ಅಂತಾನೆ. ಎದುರಿಗೆ ಆರು ಹಳದಿ ಬೋರ್ಡುಗಳಿರುತ್ತವೆ.

ಬಾಡಿಗೆ, ಕರೆಂಟು, ಜಿ.ಎಸ್‌.ಟಿ. ಕಟ್ಟಿ ಉಳಿದದ್ದರಲ್ಲಿ ಕಿರಾಣಿಯವರು ಬೊಂಬಾಯಿಯ ಜಾಹೀರಾತು ಕಂಪೆನಿಯನ್ನು ಕರೆಸಲಿ ಅಂತ ಯಾರೂ ಹೇಳುವುದಿಲ್ಲ. ಆದರೆ ಊರಲ್ಲೇ ಚಿತ್ರ ಕಲಿತ ಹುಡುಗ ಹುಡುಗಿಯರಿದ್ದಾರೆ. ಅವರು ಬಂದರೆ ‘ಎರಡು ಗೆರೆಗೆ ಎರಡು ಸಾವಿರವೇ?’ ಅನ್ನುವ ಮಾತು ಮೊದಲು ಬರುತ್ತದೆ. ಅದೇ ಎರಡು ಸಾವಿರ ಗಾಜಿನ ಬಾಗಿಲ ಹಿಡಿಕೆಗೆ ಕೊಡುವಾಗ ಮಾತೇ ಬರುವುದಿಲ್ಲ. ಹೋಗಲಿ, ಚಿತ್ರ ಬರೆಸಿದ ಮೇಲಾದರೂ ಬರೆದವರ ಹೆಸರು ಮೂಲೆಯಲ್ಲಿ ಇರಲಿ ಅಂದರೆ, ‘ದುಡ್ಡು ಕೊಟ್ಟಿಲ್ವಾ? ಚಿತ್ರ ನಮ್ಮದು’ ಅಂತ ಉತ್ತರ.

ಅಷ್ಟು ಸಲೀಸಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ 57ನೇ ಸೆಕ್ಷನ್ ಅಂತ ಒಂದಿದೆ. ಚಿತ್ರದ ಹಕ್ಕನ್ನು ಮಾರಿದ ಮೇಲೂ ‘ಇದು ನನ್ನ ಕೃತಿ’ ಅಂತ ಹೇಳಿಕೊಳ್ಳುವ ಹಕ್ಕು ಬರೆದವನಲ್ಲೇ ಉಳಿಯುತ್ತದೆ. ಅವನ ಮಾನಕ್ಕೆ ಕುಂದು ಬರುವ ಹಾಗೆ ಚಿತ್ರ ಕೆಡಿಸಿದರೆ ತಡೆಯುವ ಹಕ್ಕೂ ಉಂಟು. ಬೋರ್ಡು ಬರೆಯುವ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಿದ್ದರೂ ಕೋರ್ಟಿಗೆ ಹೋಗುವ ಪೈಕಿ ಅಲ್ಲ. ಅಂಗಡಿಯವರು ತಾವಾಗಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಗುಂಬೆ ರಸ್ತೆಯುದ್ದಕ್ಕೂ, ಅರಸಾಳಿನ ಸುತ್ತಮುತ್ತ ಹೋಟೆಲು, ಹೋಂಸ್ಟೇ ಇಡುವವರಿಗೂ ಒಂದು ಮಾತು. ಲಕ್ಷ್ಮಣ್ 2015ರ ಜನವರಿ 26ರಂದು ತೀರಿಕೊಂಡರು. ಕಲಾವಿದ ಬದುಕಿದ್ದಾಗ ಪ್ರಕಟವಾದ ಚಿತ್ರಗಳ ಕೃತಿಸ್ವಾಮ್ಯ ಅವನು ಹೋದ ಮೇಲೂ 60 ವರ್ಷ ಇರುತ್ತದೆ. ಅಂದರೆ 2075ರ ಕೊನೆಯವರೆಗೆ. ಮಾಲ್ಗುಡಿಯ ಗೆರೆಚಿತ್ರವನ್ನು ಕೇಳದೆ ಕೇಳಿಸದೆ ಮೆನು ಕಾರ್ಡಿಗೆ ಹಾಕಿಕೊಂಡರೆ, ನಾಳೆ ವಕೀಲರ ನೋಟೀಸು ಮಸಾಲೆ ದೋಸೆಯ ಜೊತೆಗೇ ಬರಬಹುದು. ಅದರ ಬದಲು ಇಲ್ಲಿಯದೇ ಒಬ್ಬರನ್ನು ಕರೆದು ಅಡಿಕೆ ತೋಟ, ಮಳೆ, ಕಂಬಳಿ ಕೊಪ್ಪೆ ಹೊದ್ದ ಮುದುಕ, ಏನಾದರೂ ಬರೆಸಲಿ. ಮಲೆನಾಡಿನಲ್ಲಿ ಮುಖಗಳಿಗೆ ಬರವೇ?

ಬರೆಸಿದ ಮೇಲೆ ಬಲಮೂಲೆಯಲ್ಲಿ ಒಂದೂವರೆ ಇಂಚು ಜಾಗ ಬಿಡಲಿ. ಹಳೇ ತಗಡಿನ ಬೋರ್ಡಿನಲ್ಲಿ ಅಷ್ಟೇ ಇರುತ್ತಿತ್ತು.