ಕಾರ್ಬುರೇಟರಿಗೆ ಕನ್ನಡ ಬರುವುದಿಲ್ಲವೇ?

ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿಯ ಹಳೇ ಇಂಜಿನ್ ನೋಡಿದ್ದೀರಾ? ಕಾರ್ಬುರೇಟರ್ ಉಕ್ಕಿತೆಂದರೆ ಪ್ಲಗ್ ತೊಯ್ದು ನಡುಗಡಲಲ್ಲೇ ಇಂಜಿನ್ ನಿಂತೀತು! ಮಲ್ಪೆ, ಗಂಗೊಳ್ಳಿಯ ಮೆಕ್ಯಾನಿಕ್‌ಗೆ ಇದರ ಮದ್ದು ಗೊತ್ತು. ಬಟ್ಟಲು ಬಿಚ್ಚಿ, ಕಸ ತೊಳೆದು, ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಒಳಗೆ ಎಣ್ಣೆ ಕುಲುಕಿದರೆ ತೂತಾಗಿದೆ, ಎಸೆಯಬೇಕು. ಸೂಜಿಯ ತುದಿಯಲ್ಲಿ ಸವೆದ ಗೆರೆ ಕಂಡರೆ ಸೂಜಿಯನ್ನೂ ಬದಲಿಸಬೇಕು. ಇಷ್ಟೆಲ್ಲ ತುಳುವಿನಲ್ಲಿ, ಕುಂದಾಪುರದ ಕನ್ನಡದಲ್ಲಿ ಸಲೀಸಾಗಿ ನಡೆಯುತ್ತದೆ. ಆದರೆ ಫ್ಲೋಟ್ ಎಷ್ಟು ಮಿಲಿಮೀಟರ್ ಎತ್ತರದಲ್ಲಿರಬೇಕು? ಅದು ಮಾಡೆಲ್ಲಿಗೊಂದು ಅಳತೆ, ಕಂಪನಿಯ ಕೈಪಿಡಿಯನ್ನೇ ನೋಡಬೇಕು. ಅಂದಾಜಿನಲ್ಲಿ ಬಗ್ಗಿಸಿದರೆ ಮತ್ತೆ ಉಕ್ಕೀತು. ಬರೀ ಇಂಗ್ಲಿಷ್ ಕೈಪಿಡಿ ಕೊಟ್ಟರೆ ಸುಮ್ಮನೆ ತರಬೇಡಿ. ದುಡ್ಡು ಎಣಿಸುವ ಮೊದಲೇ ಕನ್ನಡದ ಕೈಪಿಡಿ ಎಲ್ಲಿ ಎಂದು ಕೌಂಟರಿನಲ್ಲಿ ಕೇಳಿ. ಇಲ್ಲವೆಂದರೆ ಬರೆದು ಕೊಟ್ಟು ಬನ್ನಿ.