ಪ್ರಶ್ನೆಯಿಂದ ಆರಂಭವಾಗುವ ಪಾಠ

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂತಹ ಊರಿನ ಮಗುವಿಗೆ ನೀರಿನ ಅಭಾವವೆಂದರೇನೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಬತ್ತಿದ ಕೊಳವೆಬಾವಿ, ಒಣಗುವ ಅಡಿಕೆ ತೋಟಗಳನ್ನು ಅದು ಕಣ್ಣಾರೆ ಕಂಡಿರುತ್ತದೆ. ಆದರೂ ಸಮಾಜ ಪಾಠದಲ್ಲಿ ನಾವು ಕೇಳುವುದು, ವಾಣಿವಿಲಾಸ ಸಾಗರವನ್ನು ಯಾವ ನದಿಗೆ ಕಟ್ಟಲಾಗಿದೆ ಎಂದು. ‘ವೇದಾವತಿ’ ಎಂದು ಬರೆದರೆ ಒಂದು ಅಂಕ. ಅಲ್ಲಿಗೆ ಪಾಠ ಮುಗಿಯಿತು.

ಅದೇ ಅಣೆಕಟ್ಟನ್ನು ಒಂದು ಸಮಸ್ಯೆಯಾಗಿ ಮಕ್ಕಳ ಮುಂದಿಡಬಹುದಲ್ಲವೇ? 1907ರಲ್ಲಿ ಪೂರ್ಣಗೊಂಡ ಈ ಜಲಾಶಯವು 1933ರ ನಂತರ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ನಡುವಿನ 89 ವರ್ಷ ಏಕೆ ತುಂಬಲಿಲ್ಲ? ಮಳೆ ಕಡಿಮೆಯಾಯಿತೇ? ಹಳ್ಳಗಳ ನೀರು ಮೇಲೆಯೇ ನಿಂತಿತೇ? 2022ರಲ್ಲಿ ತುಂಬಿದುದರಲ್ಲಿ ಭದ್ರೆಯ ನೀರಿನ ಪಾಲೆಷ್ಟು? ಮಕ್ಕಳು ಊಹಿಸಲಿ, ಹಿರಿಯರನ್ನು ವಿಚಾರಿಸಲಿ, ತಮ್ಮೂರಿನ ಕೆರೆಯೊಡನೆ ಹೋಲಿಸಲಿ, ತಪ್ಪಿದ ಊಹೆಯನ್ನು ತಾವೇ ಕೈಬಿಡಲಿ. ನಿಜವಾದ ತೊಡಕೊಂದು ಎದುರಾದಾಗಲೇ ಚಿಂತನೆ ಹುಟ್ಟುತ್ತದೆಂದು ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಷ್ಟು ಹಿಂದೆಯೇ ವಿವರಿಸಿದ್ದರು.

ಧರ್ಮಸಭೆಗೂ ಇದು ಹೊಸತಲ್ಲ. ಬೆಲ್ಜಿಯಂನ ಗುರು ಜೋಸೆಫ್ ಕಾರ್ಡಿನ್ ಅವರು ಕಾರ್ಮಿಕ ಯುವಜನರಿಗೆ ಕಲಿಸಿದ ‘ನೋಡು, ವಿವೇಚಿಸು, ಕಾರ್ಯಗೈ’ ಎಂಬ ಮೂರು ಹೆಜ್ಜೆಗಳನ್ನು 1961ರಲ್ಲಿ ಪೋಪ್ 23ನೇ ಜಾನ್ ಅವರು ತಮ್ಮ ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ ಎತ್ತಿಹಿಡಿದರು. ‘ನನ್ನ ನೆರೆಯವನು ಯಾರು?’ ಎಂದು ಕೇಳಿದ ಶಾಸ್ತ್ರಜ್ಞನಿಗೆ ಯೇಸುಸ್ವಾಮಿಯು ವ್ಯಾಖ್ಯೆಯನ್ನು ಕೊಡಲಿಲ್ಲ. ಸಮಾರಿಯದವನ ಕಥೆ ಹೇಳಿ, ಉತ್ತರವನ್ನು ಅವನ ಬಾಯಿಂದಲೇ ಹೊರಡಿಸಿದರು.

ಹೀಗೆ ಕಲಿಸಿದರೆ ಪಠ್ಯಭಾಗ ಮುಗಿಯುವುದೆಂತು, ಅಂಕಗಳ ಗತಿಯೇನು ಎಂಬುದು ತಂದೆತಾಯಿಯರ ಆತಂಕ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ನಡೆಸುವ ಶಾಲೆಗಳಿರುವಾಗ ಈ ಆತಂಕವನ್ನು ತಳ್ಳಿಹಾಕಲಾಗದು. ಆದರೆ ಇಸವಿಗಳನ್ನೂ ಹೆಸರುಗಳನ್ನೂ ಬಿಟ್ಟುಬಿಡಿ ಎಂದು ಯಾರೂ ಹೇಳುತ್ತಿಲ್ಲ. 1907, 1933 ಎಂಬ ಇಸವಿಗಳಿಲ್ಲದೆ ಮೇಲಿನ ಪ್ರಶ್ನೆಯೇ ಹುಟ್ಟದು. ವರ್ಷಕ್ಕೆ ಇಂತಹ ಎರಡು ಸಮಸ್ಯೆಗಳನ್ನು ಆಳವಾಗಿ ಕೈಗೊಂಡರೂ ಸಾಕು.

ಇದಕ್ಕಿಂತ ದೊಡ್ಡ ಅಂಜಿಕೆಯೊಂದಿದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರಿನ ಜಾಡು ಹಿಡಿದು ಹೊರಟ ಮಗು, ಅತಿ ಆಳದ ಕೊಳವೆಬಾವಿ ಯಾರದೆಂದು ಕೇಳೀತು. ಯಾವ ಕೇರಿಯ ನಲ್ಲಿಗೆ ನೀರು ಕೊನೆಗೆ ಬರುತ್ತದೆ, ಏಕೆ ಎಂದು ಕೇಳೀತು. ಉತ್ತರ ನಮ್ಮ ಮನೆಯ ಬಾಗಿಲಿಗೇ ಬಂದು ನಿಲ್ಲಬಹುದು. ಮಗುವನ್ನು ನೆರೆಯವರ ಮೇಲೆ ನ್ಯಾಯಾಧೀಶನನ್ನಾಗಿ ಮಾಡುವುದು ಶಿಕ್ಷಕರಿಗೆ ಸಲ್ಲದು. ಆದರೆ ‘ಸುಮ್ಮನೆ ಓದಿಕೋ’ ಎಂದು ಗದರಿಸುವುದು ಹಿರಿಯರಿಗೂ ಸಲ್ಲದು. ಅನ್ಯಾಯವನ್ನು ಕಂಡೂ ಕೇಳದಿರುವ ಅಭ್ಯಾಸ ಬೇರೂರುವುದು ಇಂತಹ ಗದರಿಕೆಯಿಂದಲೇ. ಗಾಯಗೊಂಡವನನ್ನು ಕಂಡೂ ದಾರಿಯ ಆಚೆ ಬದಿಯಿಂದ ಸಾಗಿಹೋದ ಆ ಯಾಜಕನೂ ಶಾಸ್ತ್ರ ಓದಿದವನೇ ಆಗಿದ್ದನು.

ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ. ತರಗತಿಯಲ್ಲಿ ವಿವೇಚಿಸಿದುದನ್ನು ಮಕ್ಕಳು ಅಲ್ಲಿ ಎದ್ದುನಿಂತು ಹೇಳಲಿ. ಆ ದಿನ ನಮ್ಮ ಕುಟುಂಬಗಳ ತಂದೆತಾಯಿಯರು ಜೊತೆಗೆ ಹೋಗಿ, ಅವರ ಹಿಂದೆ ಕುಳಿತು ಆಲಿಸಲಿ.