ಹಬ್ಬದೂಟದ ಕೊನೆಯ ಎಲೆ

ಹಬ್ಬದ ದಿನ ಬಂಧುಬಾಂಧವರನ್ನೂ ಇಷ್ಟಮಿತ್ರರನ್ನೂ ಮನೆಗೆ ಕರೆದು ಉಣಬಡಿಸುವುದು ನಮ್ಮ ಜನರ ಸದಾಚಾರಗಳಲ್ಲಿ ಮುಖ್ಯವಾದುದು. ಈ ಆಚಾರಕ್ಕೆ ಜಾತಿಮತಗಳ ಭೇದವಿಲ್ಲ. ಚೌತಿಯಂದು ಮಂಗಳೂರಿನ ರಥಬೀದಿಯ ಮನೆಗಳಲ್ಲಿ ಎಲೆ ಹಾಕುವಂತೆಯೇ ಮೊಂತಿ ಹಬ್ಬದಂದು ಫಳ್ನೀರಿನ ಮನೆಗಳಲ್ಲಿಯೂ ಎಲೆ ಹಾಕುತ್ತಾರೆ. ಕರೆದವರಿಗೂ ಕರೆಯಿಸಿಕೊಂಡವರಿಗೂ ಆ ದಿನ ಸಮಾನವಾದ ಸಂತೋಷ. ಇಂತಹ ಆಚಾರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಅದು ಉಳಿಯಬೇಕೆಂಬ ಹಂಬಲವಿರುವುದರಿಂದಲೇ ಒಂದು ಅಪ್ರಿಯವಾದ ಮಾತನ್ನು ಆಡಬೇಕಾಗಿದೆ. ಹಬ್ಬದೂಟವನ್ನು ಸಿದ್ಧಪಡಿಸಿದವರಿಗೇ ಆ ಊಟದ ಪಂಕ್ತಿಯಲ್ಲಿ ಸ್ಥಳವಿಲ್ಲದಿದ್ದರೆ, ನಮ್ಮ ಅತಿಥಿಸತ್ಕಾರದ ಹೆಮ್ಮೆಗೆ ಅರ್ಥವೆಷ್ಟು ಎಂಬುದೇ ಆ ಮಾತು.

ಹಂಪನಕಟ್ಟೆಗೂ ಕಂಕನಾಡಿಗೂ ನಡುವೆ ಇರುವ ಫಳ್ನೀರು ಬಹುಕಾಲದಿಂದ ಕ್ರೈಸ್ತ ಕುಟುಂಬಗಳು ನೆಲಸಿಕೊಂಡು ಬಂದಿರುವ ಸ್ಥಳ. ಅದರ ಒಂದು ದಿಕ್ಕಿಗೆ 1680ರಲ್ಲಿ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿ. ಇನ್ನೊಂದು ದಿಕ್ಕಿಗೆ ಫಾದರ್ ಮುಲ್ಲರರು 1880ರಲ್ಲಿ ಆರಂಭಿಸಿದ ವೈದ್ಯಸಂಸ್ಥೆ. ಹಂಚಿನ ಮಾಡಿನ ಹಳೆಯ ಮನೆಗಳು ಹಲವೆಡೆ ಬಹುಮಹಡಿಯ ಕಟ್ಟಡಗಳಿಗೆ ಎಡೆಮಾಡಿಕೊಟ್ಟಿವೆ. ಗದ್ದೆಯ ಮಾತಂತೂ ಬೇಡವೇ ಬೇಡ. ಹೀಗಿದ್ದರೂ ಪ್ರತಿವರ್ಷ ಸಪ್ಟಂಬರ 8ನೆಯ ತಾರೀಕು ಅಲ್ಲಿ ನಡೆಯುವುದು ಗದ್ದೆಯ ಹಬ್ಬವೇ. ಅಂದು ಕನ್ಯಾ ಮರಿಯಮ್ಮನವರ ಜನ್ಮದಿನ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿರುವ ಮೊಂತೆ ಮರಿಯಾನೊ ಇಗರ್ಜಿಯಲ್ಲಿ ಪಾದ್ರಿ ಜೊಕಿಂ ಮಿರಾಂದರು 1763ರಲ್ಲಿ ಈ ಹಬ್ಬವನ್ನು ಆರಂಭಿಸಿದರೆಂದು ಪ್ರತೀತಿ. ಆ ಇಗರ್ಜಿಯ ಹೆಸರಿನಿಂದಲೇ ಹಬ್ಬಕ್ಕೆ ಮೊಂತಿಯೆಂಬ ಹೆಸರು ಬಂದಿತೆಂದು ಹೇಳುವರು. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಅರ್ಪಿಸುತ್ತಾರೆ. ಹಬ್ಬದಂದು ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ, ಮೆರವಣಿಗೆಯಲ್ಲಿ ತಂದು, ಮನೆಮನೆಗೂ ಹಂಚುತ್ತಾರೆ. ಮಕ್ಕಳ ಕೈಗೆ ಕಬ್ಬು ಸಿಗುತ್ತದೆ.

ಮನೆಗೆ ತಂದ ತೆನೆಯ ಕಾಳುಗಳನ್ನು ಸುಲಿದು, ಪುಡಿಮಾಡಿ, ತೆಂಗಿನ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರಸಿ, ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಎಲ್ಲರಿಗೂ ಹಂಚುವುದಕ್ಕೆ ನೊವೆಂ ಎಂದು ಹೆಸರು. ತರುವಾಯ ಬಾಳೆಯೆಲೆಯಲ್ಲಿ ಶಾಕಾಹಾರದ ಊಟ. ಪಲ್ಯಪದಾರ್ಥಗಳ ಸಂಖ್ಯೆ ಮೂರು, ಐದು, ಏಳು, ಒಂಬತ್ತು ಎಂಬಂತೆ ಬೆಸವಾಗಿರಬೇಕೆಂಬುದು ವಾಡಿಕೆ. ಕೆಸುವಿನ ದಂಟು, ಹರಿವೆ, ಅಲಸಂಡೆ, ಬೆಂಡೆ, ಹೀರೆ, ತೊಂಡೆ, ಕಡಲೆ, ಇವೇ ಆ ದಿನದ ಸಿರಿ. ಹಿಂದೂಗಳ ಮನೆಗಳಲ್ಲಿ ತೆನೆ ಕಟ್ಟುವುದೂ, ತುಳುವರು ಪುದ್ವಾರೆಂದು ಕರೆಯುವ ಹೊಸ ಅಕ್ಕಿಯ ಊಟವೂ, ಕೊಡಗಿನ ಪುತ್ತರಿಯೂ ಇದೇ ಕೃತಜ್ಞತೆಯ ಬೇರೆ ಬೇರೆ ರೂಪಗಳು. ಮಾಂಸವಿಲ್ಲದ ಊಟವಾದುದರಿಂದ ಮೊಂತಿ ಹಬ್ಬದ ಪಂಕ್ತಿಗೆ ಯಾವ ನೆರೆಯವನೂ ಸಂಕೋಚವಿಲ್ಲದೆ ಬರಬಹುದು; ಬರುವುದೂ ಉಂಟು.

ಈಚಿನ ಒಂದು ಮೊಂತಿ ಹಬ್ಬಕ್ಕೆ ನಮಗೂ ಫಳ್ನೀರಿನ ಒಂದು ಮನೆಯಿಂದ ಕರೆ ಬಂದಿತ್ತು. ಒಂಬತ್ತು ಬಗೆಯ ಪದಾರ್ಥಗಳು; ಒಂದಕ್ಕಿಂತ ಒಂದು ರುಚಿ. ಮೊದಲ ಪಂಕ್ತಿ ಎದ್ದಿತು, ಎರಡನೆಯದು ಕುಳಿತಿತು, ಅದೂ ಎದ್ದಿತು. ಮೂರೂವರೆ ಗಂಟೆಯ ಸುಮಾರಿಗೆ ಹೇಳಿಹೋಗೋಣವೆಂದು ಒಳಗೆ ಹೋದೆವು. ಮನೆಯ ಹಿರಿಯ ಗೃಹಿಣಿಯು ಅಡಿಗೆಮನೆಯ ಮೂಲೆಯಲ್ಲಿ ಒಂದು ಮಣೆಯ ಮೇಲೆ ಕುಳಿತು, ಪಾತ್ರೆಗಳ ತಳದಲ್ಲಿ ಉಳಿದುದನ್ನು ಒಂದು ತಟ್ಟೆಗೆ ಬಡಿಸಿಕೊಳ್ಳುತ್ತಿದ್ದರು. ಎಲೆಗಳು ಮುಗಿದುಹೋಗಿದ್ದುವು. “ಬಾಯಮ್ಮಾ, ನಿಮ್ಮ ಊಟ ಇನ್ನೂ ಆಗಲಿಲ್ಲವೇ?” ಎಂದು ಕೇಳಿದೆವು. “ನಮ್ಮದೇನು, ಆದ ಹಾಗೆಯೇ. ನಿಮಗೆ ಕಡಲೆ ಸರಿಯಾಗಿ ಬಡಿಸಿದರೋ ಇಲ್ಲವೋ?” ಎಂದರು. ಆ ತಟ್ಟೆಯಲ್ಲಿ ಕಡಲೆ ಇರಲಿಲ್ಲ. ನಾವು ಎರಡು ಸಲ ಹಾಕಿಸಿಕೊಂಡಿದ್ದೆವು.

ಆ ಮನೆಯವರನ್ನು ದೂಷಿಸುವ ಅಧಿಕಾರ ನಮಗಿಲ್ಲ. ದಾರಿಯಲ್ಲಿ ನಡೆದುಬರುತ್ತ ನಮ್ಮ ಮನೆಯ ಚೌತಿಯ ಊಟಗಳನ್ನು ನೆನೆದುಕೊಂಡೆವು. ನಮ್ಮ ತಾಯಿ ಚೌತಿಯಂದು ಎಷ್ಟು ಗಂಟೆಗೆ ಉಣ್ಣುತ್ತಿದ್ದರು, ಏನನ್ನು ಉಣ್ಣುತ್ತಿದ್ದರು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನಮಗೆ ಬಾರದು. ನಾವು ಆ ಹೊತ್ತಿಗೆ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ಮಲಗಿರುತ್ತಿದ್ದೆವು. ಇಷ್ಟು ವರ್ಷಗಳಲ್ಲಿ ಒಂದು ದಿನವಾದರೂ ಆ ಕಡೆ ಇಣಿಕಿ ನೋಡಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳುವುದರಿಂದ ಅವರ ಎಲೆಗೆ ಏನೂ ಬಂದು ಬೀಳುವಂತಿಲ್ಲ. ಇರುವವರ ಎಲೆಗಾದರೂ ಬೀಳಲಿ ಎಂದು ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಇದು ಒಂದೆರಡು ಮನೆಗಳ ಸಂಗತಿಯಲ್ಲ. ಕೇಂದ್ರ ಸರಕಾರದವರು 2024ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ವ್ಯಯಿಸುತ್ತಾರೆ. ಅದೇ ಕೆಲಸದಲ್ಲಿ ತೊಡಗಿದ ಪುರುಷರು ವ್ಯಯಿಸುವುದು 88 ನಿಮಿಷ. ಇದು ಎಂದಿನ ದಿನಗಳ ಲೆಕ್ಕ. ಹಬ್ಬದ ದಿನದ ಲೆಕ್ಕವನ್ನು ವಾಚಕರು ತಮ್ಮ ತಮ್ಮ ಮನೆಯ ಗಡಿಯಾರವನ್ನು ನೋಡಿ ತಾವೇ ಹಾಕಿಕೊಳ್ಳಬಹುದು. ಎಲ್ಲರಿಗೂ ರಜೆಯೆನಿಸಿದ ದಿನವೇ ಒಬ್ಬರಿಗೆ ಇಮ್ಮಡಿ ದುಡಿಮೆಯ ದಿನವಾಗುವುದಾದರೆ, ಅದು ಯಾರ ಹಬ್ಬ?

ಇದಕ್ಕೆ ಹೇಳಬಹುದಾದ ಸಮಾಧಾನಗಳು ಮೂರು. ಪದಾರ್ಥಗಳು ಹೆಚ್ಚಿದಷ್ಟೂ ಅತಿಥಿಗೆ ಗೌರವ ಹೆಚ್ಚು ಎಂಬುದು ಮೊದಲನೆಯದು. ಆದರೆ ಆಚಾರವು ಕೇಳುವುದು ಬೆಸ ಸಂಖ್ಯೆಯನ್ನು. ಒಂಬತ್ತೇ ಆಗಬೇಕೆಂದು ಅದು ಎಲ್ಲಿಯೂ ಹಟಹಿಡಿದಿಲ್ಲ. ಮೂರೂ ಬೆಸವೇ, ಐದೂ ಬೆಸವೇ. ಬಡವನ ಮನೆಯಲ್ಲಿಯೂ ಹಬ್ಬ ನಡೆಯಲೆಂದು ಹಿರಿಯರು ಇಟ್ಟ ಈ ಸೌಕರ್ಯವನ್ನು ನಾವು ಪ್ರತಿಷ್ಠೆಯ ಪೈಪೋಟಿಯಾಗಿ ಮಾಡಿಕೊಂಡಿದ್ದೇವೆ. ಹದಿನೈದು ಎಲೆಗಳಿಗೆ ಒಂಬತ್ತು ಪದಾರ್ಥಗಳನ್ನು ಒಂದು ಸುತ್ತು ಬಡಿಸಲು 135 ಸಲ ಬಾಗಬೇಕು. ಐದು ಪದಾರ್ಥಗಳಾದರೆ 75 ಸಲ. ಬಾಗುವ ಬೆನ್ನು ಯಾರದೆಂದು ಯೋಚಿಸಿದರೆ ಈ ಅಂತರ ಸಣ್ಣದೆಂದು ತೋರದು. ಇಷ್ಟಾಗಿ ಎಲೆಯಲ್ಲಿ ಉಳಿಯುವುದೆಷ್ಟು? 2022ರಲ್ಲಿ ಪ್ರಪಂಚದಲ್ಲಿ ಸುಮಾರು 105 ಕೋಟಿ ಟನ್ನುಗಳಷ್ಟು ಆಹಾರ ವ್ಯರ್ಥವಾಯಿತೆಂದೂ, ಅದರಲ್ಲಿ ನೂರಕ್ಕೆ ಅರುವತ್ತರಷ್ಟು ಮನೆಗಳಿಂದಲೇ ಹೋಯಿತೆಂದೂ ವಿಶ್ವಸಂಸ್ಥೆಯ ಪರಿಸರ ವಿಭಾಗದವರು ಲೆಕ್ಕ ಹಾಕಿದ್ದಾರೆ. ಹೊಸ ಬೆಳೆಗೆ ಕೃತಜ್ಞತೆ ಸಲ್ಲಿಸುವ ದಿನದಂದೇ ಬೆಳೆಯನ್ನು ತಿಪ್ಪೆಗೆ ಸುರಿಯುವುದು ಯಾವ ದೇವರಿಗೂ ಪ್ರಿಯವಾಗದು.

ಇಷ್ಟೆಲ್ಲ ಕಷ್ಟವೇಕೆ, ಹೊರಗಿನಿಂದ ಅಡಿಗೆಯನ್ನೇ ತರಿಸಿಬಿಟ್ಟರಾಯಿತಲ್ಲ ಎಂಬುದು ಎರಡನೆಯ ಸಮಾಧಾನ. ವೃದ್ಧ ದಂಪತಿಗಳಿಬ್ಬರೇ ಇರುವ ಮನೆಯಲ್ಲಿಯೂ, ಕಾಯಿಲೆಯವರಿರುವ ಮನೆಯಲ್ಲಿಯೂ ಇದು ಯುಕ್ತವಾದ ಮಾರ್ಗವೇ. ಅಂಥವರನ್ನು ಯಾರೂ ಆಕ್ಷೇಪಿಸತಕ್ಕದ್ದಲ್ಲ. ಆದರೆ ಆರೋಗ್ಯವಂತರಾದ ನಾಲ್ಕಾರು ಮಂದಿ ಇರುವ ಮನೆಯವರು ಕೆಲಸವನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳಲಾರದೆ ಹಣ ಕೊಟ್ಟು ಕೊಳ್ಳುವುದು ಬೇರೆಯ ಮಾತು. ಆಗ ಹೆಂಗಸರ ದಣಿವು ತಪ್ಪಿತೆಂದು ಒಪ್ಪೋಣ. ಕೂಡಿ ದುಡಿಯುವ ಸಂತೋಷವೂ ಅದರೊಂದಿಗೆ ತಪ್ಪಿಹೋಯಿತು. ಮಕ್ಕಳು ಹರಿವೆಯ ಸೊಪ್ಪನ್ನೂ ಕೆಸುವಿನ ದಂಟನ್ನೂ ಗುರುತಿಸಲಾರದೆ ಬೆಳೆಯುವರು. ಹಬ್ಬವೆಂದರೆ ಬಾಗಿಲಿಗೆ ಬಂದು ಬೀಳುವ ಪೊಟ್ಟಣವೆಂದು ಅವರು ತಿಳಿದುಕೊಂಡರೆ ತಪ್ಪು ಅವರದಲ್ಲ.

ಗಂಡಸರಿಗೆ ಅಡಿಗೆಮನೆಯ ಕೆಲಸ ತಿಳಿಯದು ಎಂಬುದು ಮೂರನೆಯದು. ಈ ಮಾತನ್ನು ಬೇರೆ ಯಾವ ಸೀಮೆಯವರು ಆಡಿದರೂ ಆಡಬಹುದು, ದಕ್ಷಿಣ ಕನ್ನಡದವರು ಆಡುವಂತಿಲ್ಲ. ನಮ್ಮ ದೇವಸ್ಥಾನಗಳಲ್ಲಿ ಸಾವಿರಾರು ಜನರಿಗೆ ಬೇಯಿಸಿ ಬಡಿಸುವವರು ಗಂಡಸರು. ಮದುವೆಮುಂಜಿಗಳಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವ ಅಡಿಗೆಭಟ್ಟರು ಗಂಡಸರು. ಉಡುಪಿಯ ಹೆಸರನ್ನು ಮದರಾಸಿನಲ್ಲಿಯೂ ಮುಂಬಯಿಯಲ್ಲಿಯೂ ಮನೆಮಾತಾಗಿಸಿದ ಭೋಜನಶಾಲೆಗಳಲ್ಲಿ ರುಬ್ಬಿದವರೂ ಬೇಯಿಸಿದವರೂ ಬಹುಮಟ್ಟಿಗೆ ಗಂಡಸರೇ. ಸಂಬಳ ದೊರೆಯುವೆಡೆಯಲ್ಲಿ ಪುರುಷನಿಗೆ ಬರುವ ವಿದ್ಯೆಯು ಸ್ವಂತ ಮನೆಯ ಹೊಸ್ತಿಲನ್ನು ದಾಟಿದೊಡನೆ ಮರೆತುಹೋಗುವುದೆಂಬುದನ್ನು ನಂಬುವುದು ಹೇಗೆ?

ಹಾಗಾದರೆ ಮಾಡತಕ್ಕದ್ದೇನು? ಹಬ್ಬದೂಟದ ಸಿದ್ಧತೆಯು ಅಂಗಡಿಯ ಪಟ್ಟಿಯಿಂದ ಆರಂಭವಾಗಬಾರದು. ಎಲೆಗಳ ಎಣಿಕೆಯಿಂದ ಆರಂಭವಾಗಬೇಕು. ಅಡಿಗೆ ಮಾಡುವವರ ಎಲೆ ಮೊದಲನೆಯದು, ಪಾತ್ರೆ ತೊಳೆಯಲು ಬರುವವಳ ಎಲೆ ಎರಡನೆಯದು. ಅತಿಥಿಗಳ ಎಣಿಕೆ ಅನಂತರ. ಒಂದೇ ಪಂಕ್ತಿಯಲ್ಲಿ ಎಷ್ಟು ಎಲೆಗಳು ಹಿಡಿಸುವುವೋ ಅಷ್ಟು ಜನರನ್ನೇ ಕರೆಯುವುದು ಉತ್ತಮ. ಉಳಿದವರನ್ನು ಸಂಜೆಯ ಕಾಫಿಗೋ ಇನ್ನೊಂದು ದಿನಕ್ಕೋ ಕರೆದರೆ ಯಾರ ಮಾನವೂ ಹೋಗದು. ಒಬ್ಬರಿಗೆ 100ರಿಂದ 120 ಗ್ರಾಂ ಅಕ್ಕಿಯೆಂದು ಹಿಡಿದರೆ ಹದಿನೈದು ಜನರಿಗೆ ಎರಡು ಕಿಲೋವನ್ನು ಮೀರಬೇಕಾಗಿಲ್ಲ. ಮೊಂತಿ ಹಬ್ಬಕ್ಕಾದರೋ ಒಂಬತ್ತು ದಿನಗಳ ಅವಧಿ ಮೊದಲೇ ದೊರೆತಿದೆ. ಮಕ್ಕಳು ಹೂವು ಕೊಯ್ಯಲು ಆರಂಭಿಸುವ ದಿನವೇ ದೊಡ್ಡವರು ಕೆಲಸವನ್ನು ಹಂಚಿಕೊಳ್ಳಲಿ: ಸಂತೆಗೆ ಹೋಗುವವರು ಯಾರು, ಸೊಪ್ಪು ಬಿಡಿಸುವವರು ಯಾರು, ಕಾಯಿ ತುರಿಯುವವರು ಯಾರು, ಎಲೆ ತೆಗೆದು ನೆಲ ಒರಸುವವರು ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಲಿ. ಹಿಂದಿನ ರಾತ್ರಿ ಕಡಲೆ ನೆನೆಹಾಕಿ, ತರಕಾರಿ ಹೆಚ್ಚಿಟ್ಟುಕೊಂಡರೆ, ಇಗರ್ಜಿಯಿಂದ ತೆನೆಯೊಡನೆ ಮರಳಿದ ಮೇಲೆ ಉಳಿಯುವುದು ಬೇಯಿಸುವ ಕೆಲಸ ಮಾತ್ರ. ಮೊದಲ ಸುತ್ತು ಎಲ್ಲರೂ ಕೂಡಿ ಬಡಿಸಿ, ಪಾತ್ರೆಗಳನ್ನು ನಡುವೆ ಇಟ್ಟು, ಎಲ್ಲರೂ ಒಮ್ಮೆಗೇ ಕುಳಿತುಕೊಳ್ಳಲಿ. ಮತ್ತೆ ಬೇಕಾದವರು ತಾವೇ ಎದ್ದು ಹಾಕಿಕೊಂಡರೆ ಆಕಾಶ ಕಳಚಿ ಬೀಳುವುದಿಲ್ಲ.

ಅತಿಥಿಗಳಾಗಿ ಹೋಗುವ ನಮಗೂ ಒಂದು ಕರ್ತವ್ಯವಿದೆ. “ನಿಮ್ಮ ಎಲೆ ಎಲ್ಲಿ?” ಎಂದು ಗೃಹಿಣಿಯನ್ನು ಕೇಳುವುದು, ಆ ಎಲೆ ಬಿದ್ದ ಹೊರತು ಅನ್ನಕ್ಕೆ ಕೈಯಿಕ್ಕದಿರುವುದು. ಮೊದಲ ವರ್ಷ ಇದು ವಿನೋದವೆಂದು ತೋರೀತು, ಎರಡನೆಯ ವರ್ಷ ಅಭ್ಯಾಸವಾದೀತು, ಮೂರನೆಯ ವರ್ಷ ಆಚಾರವೆನಿಸೀತು. ಆಚಾರಗಳು ಆಕಾಶದಿಂದ ಇಳಿದುಬಂದುವಲ್ಲ. ಯಾರೋ ಒಂದು ದಿನ ಆರಂಭಿಸಿದುವೇ.

ಹೊಸತೇನನ್ನೂ ಕಲಿಯಬೇಕಾಗಿಲ್ಲವೆಂಬುದೇ ಇಲ್ಲಿಯ ಸ್ವಾರಸ್ಯ. ನೊವೆಂ ಹಂಚುವಾಗ ಮನೆಯವರೆಲ್ಲರೂ ಒಟ್ಟಿಗೆ ಇರಬೇಕೆಂಬುದು ಈ ಹಬ್ಬದ ಮೂಲ ನಿಯಮ. ಮುಂಬಯಿಯಲ್ಲಿಯೋ ಕೊಲ್ಲಿಯ ದೇಶಗಳಲ್ಲಿಯೋ ಇರುವ ಮಕ್ಕಳು ಆ ಹೊತ್ತಿಗೆ ಬರಲಾರರೆಂದು, ಹೊಸ ಅಕ್ಕಿಯ ಒಂದು ಚಿಟಿಕೆಯನ್ನು ಲಕೋಟೆಯಲ್ಲಿ ಮಡಿಸಿ ಅಂಚೆಗೆ ಹಾಕುವ ತಾಯಂದಿರು ಈ ಊರಿನಲ್ಲಿದ್ದಾರೆ. ಸಮುದ್ರದಾಚೆ ಇರುವ ಮಗನ ಪಾಲನ್ನೂ ಮರೆಯದ ಹಬ್ಬ ಇದು. ಅಂತಹ ಹಬ್ಬದಲ್ಲಿ, ಆ ಲಕೋಟೆಯನ್ನು ಮಡಿಸಿದವರೇ ಗೋಡೆಯ ಆಚೆಗೆ, ಹತ್ತು ಹೆಜ್ಜೆಯ ದೂರದಲ್ಲಿ, ಎಲೆಯಿಲ್ಲದೆ ಕುಳಿತಿರುವರು. ಬರುವ ಸಪ್ಟಂಬರದಲ್ಲಿ ಸಂತೆಯಿಂದ ಬಾಳೆಯೆಲೆ ತರುವವರು ಒಂದು ಎಲೆಯನ್ನು ಹೆಚ್ಚಾಗಿ ತರಲಿ. ಅದನ್ನು ಎಲ್ಲಕ್ಕಿಂತ ಮೊದಲು ಹಾಸಲಿ.